ಜೋರಾಗಿ ಮಾಡಿದ ಪ್ರಾರ್ಥನೆ

"ಕರ್ತನೇ, ಈ ಶಾಲೆಯ ಪಿ.ಟಿ. ಮಾಸ್ಟರನ್ನು ನಿನ್ನ ಕೈಗೆ ಒಪ್ಪಿಸುತ್ತೇವೆ. ಅವರ ಕಲ್ಲು ಹೃದಯವನ್ನು ಕರಗಿಸು. ನಮ್ಮ ಕೂಟಕ್ಕೆ ಅಡ್ಡಗಾಲು ಹಾಕುವ ಅವರ ಬುದ್ಧಿಯನ್ನು ತಿದ್ದು ತಂದೆಯೇ... ಆಮೆನ್!"

ಅವಳು ಕಣ್ಣು ಬಿಟ್ಟಳು.

ಎದುರಿಗೇ ಪಿ.ಟಿ. ಮಾಸ್ಟರ್ ನಿಂತಿದ್ದ!

ಕೊರಳಲ್ಲಿ ಸೀಟಿ, ಕಂಕುಳಲ್ಲಿ ವಾಲಿಬಾಲು. ಬಾಲು ಇಡಲೆಂದು ತನ್ನದೇ ಸ್ಪೋರ್ಟ್ಸ್ ರೂಮಿಗೆ ಬಂದವನು ಬಾಗಿಲಲ್ಲೇ ಬೇರು ಬಿಟ್ಟಂತೆ ನಿಂತಿದ್ದ. ಚಾಪೆಯ ಮೇಲೆ ಕೂತಿದ್ದ ಮಕ್ಕಳು ಕಿಸಕ್ಕೆಂದರು.

"ನನ್ನ ಹೃದಯದ ವಿಷಯ ಮುಗೀತಾ ಮೇಡಂ? ಇಲ್ಲ, ಇನ್ನೂ ಇದೆಯಾ?"

"ಮು... ಮುಗೀತು ಸರ್."

"ಹಾಗಾದ್ರೆ ಸ್ವಲ್ಪ ಜರುಗಿ. ಬಾಲ್ ಇಡಬೇಕು."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಇಬ್ಬರೂ ಮುಖಾಮುಖಿಯಾಗಿದ್ದು ಅದೇ ಮೊದಲು, ನೋಡಿ!

ಅವಳು ಶಾಲೆಯ ಎದುರಿನ ಜೆರಾಕ್ಸ್ ಅಂಗಡಿಯ ಹುಡುಗಿ. ಅಂಗಡಿ ಅವಳ ಚಿಕ್ಕಮ್ಮನದು. ವಾರವೆಲ್ಲ ಮೆಷಿನ್ ಮುಂದೆ ನಿಂತು ಕಾಗದ ತುಂಬುತ್ತಿದ್ದಳು, ಭಾನುವಾರ ಚರ್ಚಿನಲ್ಲಿ ಹರೆಯದ ಮಕ್ಕಳಿಗೆ ಹಾಡು ಕಲಿಸುತ್ತಿದ್ದಳು. ಅವಳಿಗಿದ್ದದ್ದು ಒಂದೇ ಕನಸು. ಊರಿನ ಶಾಲೆಗಳಲ್ಲೆಲ್ಲ ಊಟದ ಬಿಡುವಿನಲ್ಲಿ ಒಂದು ಕೂಟ. ಮಕ್ಕಳು ಬಂದು ಹಾಡಬೇಕು, ಪ್ರಾರ್ಥಿಸಬೇಕು, ಮನಸ್ಸು ಬಿಚ್ಚಿ ಮಾತಾಡಬೇಕು. ಚರ್ಚಿನ ಹಿರಿಯರು, "ಮೊದಲು ಒಂದು ಶಾಲೆಯಲ್ಲಿ ನಡೆಸಿ ತೋರಿಸಮ್ಮ, ಆಮೇಲೆ ನೋಡೋಣ" ಎಂದಿದ್ದರು. ಚಪ್ಪಲಿ ಸವೆಯುವಷ್ಟು ಓಡಾಡಿದ ಮೇಲೆ ಹೆಡ್‌ಮಿಸ್ ಒಪ್ಪಿದ್ದರು. ಮನೆಯವರು ಒಪ್ಪಿದ ಮಕ್ಕಳು ಮಾತ್ರ ಬರಬೇಕು, ಯಾರಿಗೂ ಬಲವಂತ ಮಾಡಬಾರದು ಎಂಬ ಷರತ್ತೂ ಇತ್ತು.

ಅಡ್ಡ ಬಂದವನು ಈ ಸೀಟಿ ಮಾಸ್ಟರ್ ಒಬ್ಬನೇ. 'ಇದೆಲ್ಲ ಬೇಡ' ಅಂದನಂತೆ. ಯಾಕಂತೆ? ಅದು ಯಾರಿಗೂ ಗೊತ್ತಿರಲಿಲ್ಲ.

"ಪ್ರಾರ್ಥನೆಯಲ್ಲೂ ಚಾಡಿ ಹೇಳ್ತೀಯಾ? ಚೆನ್ನಾಗಿದೆ ಕಣೇ ಪುಟ್ಟಿ!" ಎಂದು ಸಂಜೆ ಅಂಗಡಿಯಲ್ಲಿ ವಿಷಯ ಕೇಳಿ ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಚಾಡಿ ಅಲ್ಲ ಚಿಕ್ಕಮ್ಮ, ಅವರಿಗೋಸ್ಕರ ಬೇಡ್ಕೊಂಡೆ ಅಷ್ಟೇ!"

"ನೋಡೋಕೆ ಹೇಗಿದಾನೆ?"

"ನಾನ್ಯಾಕೆ ನೋಡ್ಲಿ?" ಅಂದಳು. ಆದರೆ ನೋಡಿದ್ದಳು. ಅವನು ನಗು ತಡೆದುಕೊಂಡಾಗ ಎಡಗೆನ್ನೆಯಲ್ಲಿ ಬಿದ್ದ ಸಣ್ಣ ಗುಳಿಯನ್ನೂ ನೋಡಿದ್ದಳು.

ಮರುದಿನದಿಂದ ಅವನು ಕೂಟದ ಹೊತ್ತಿಗೇ ಬಂದು ಮೂಲೆಯಲ್ಲಿ ಬಾಲುಗಳಿಗೆ ಗಾಳಿ ಹೊಡೆಯತೊಡಗಿದ. ಇವಳು ಬಾಗಿಲು ಮುಂದಕ್ಕೆ ಹಾಕಿದರೆ ಅವನು ತೆರೆಯುವನು.

"ಗಲಾಟೆ ಕೇಳ್ಸುತ್ತೆ ಸರ್."

"ಕೇಳ್ಸಲಿ. ಎದ್ದು ಹೋಗ್ಬೇಕು ಅನ್ನಿಸಿದ ಮಗು ಬಾಗಿಲು ಹುಡುಕಬಾರದು."

'ಏನು ಮನುಷ್ಯನಪ್ಪಾ!' ಎಂದು ಹಲ್ಲು ಕಡಿದಳು. ಅವನು ಬಾರದ ದಿನ ಮಾತ್ರ ಕಣ್ಣು ಮತ್ತೆ ಮತ್ತೆ ಬಾಗಿಲಿಗೇ ಹೋಗುತ್ತಿತ್ತು. ಛೆ!

ಅಷ್ಟರಲ್ಲೇ ಆಗಬಾರದ್ದು ಆಗಿಹೋಯಿತು.

ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಕೂಟ ಮುಗಿದ ಮೇಲೂ ಹಿಂದೆಯೇ ಉಳಿದು ಅತ್ತಳು. "ಅಪ್ಪ ಮನೆ ಬಿಟ್ಟು ಹೋಗಿದಾರೆ ಅಕ್ಕ... ಪ್ರಾರ್ಥನೆ ಮಾಡಿ" ಅಂದಳು. ಅವಳು ಆ ಮಗುವನ್ನು ಎದೆಗೊತ್ತಿಕೊಂಡಳು. ಮರುದಿನ ಎಲ್ಲರ ಮುಂದೆ, ಗಟ್ಟಿ ದನಿಯಲ್ಲಿ, ಆ ಹುಡುಗಿಯ ಹೆಸರು ಹಿಡಿದು ಪ್ರಾರ್ಥಿಸಿದಳು. ಬಿಟ್ಟು ಹೋದ ಅಪ್ಪನನ್ನು ಹಿಂದಕ್ಕೆ ಕರೆತಾ ಎಂದು ಬೇಡಿದಳು. ಅವಳ ಚರ್ಚಿನಲ್ಲಿ ಅದೇ ರೂಢಿ. ಒಬ್ಬರ ಕಷ್ಟವನ್ನು ಎಲ್ಲರ ಮುಂದಿಟ್ಟು ಎಲ್ಲರೂ ಆಮೆನ್ ಅನ್ನುವುದೇ ಅಲ್ಲಿ ಪ್ರೀತಿ. ಇದರಲ್ಲಿ ತಪ್ಪಿದೆ ಎಂದು ಅವಳಿಗೆ ಹೊಳೆಯಲೇ ಇಲ್ಲ.

ಕಣ್ಣು ಬಿಟ್ಟಾಗ ಹುಡುಗಿ ಕೂತಿದ್ದ ಜಾಗ ಖಾಲಿಯಾಗಿತ್ತು. ಮಕ್ಕಳು ಗುಸುಗುಸು ಮಾತಾಡುತ್ತಿದ್ದರು. ಮೂಲೆಯಲ್ಲಿದ್ದ ಸೀಟಿ ಮಾಸ್ಟರ್ ಮುಖ ಬಿಳಿಚಿಕೊಂಡಿತ್ತು. ಪಂಪನ್ನು ಕೆಳಗಿಟ್ಟು ಹುಡುಗಿಯ ಹಿಂದೆಯೇ ಓಡಿದ.

ಮರುದಿನ ಹೆಡ್‌ಮಿಸ್ ಕರೆಸಿದರು. ಹೋಗುವಾಗ ಅವರ ರೂಮಿನಿಂದ ಹೊರಬರುತ್ತಿದ್ದವನು ಅವನೇ! ಅವಳಿಗೆ ರೇಗಿಹೋಯಿತು.

"ಆಯ್ತಲ್ಲ ಸರ್? ಹೇಳಬೇಕಾದ್ದನ್ನೆಲ್ಲ ಹೇಳಿ ಬಂದ್ರಾ? ಮೊದಲಿಂದಲೂ ನಮ್ಮನ್ನ ಓಡಿಸ್ಬೇಕು ಅಂತಾನೇ ಇದ್ರಿ ಅಲ್ವಾ?"

ಅವನು ಕೊರಳ ಸೀಟಿ ಸರಿಮಾಡಿಕೊಂಡ. ಮೈದಾನದ ಕಡೆ ನಡೆದುಬಿಟ್ಟ.

ಹೆಡ್‌ಮಿಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಹುಡುಗಿ ಶಾಲೆಗೇ ಬಂದಿಲ್ಲಮ್ಮ. ಎಲ್ಲರೂ ಅವರಪ್ಪನ ವಿಷಯ ಕೇಳ್ತಾರಂತೆ. ಅವಳ ತಾಯಿ ಬಂದು ಗೋಳೋ ಅಂತ ಅತ್ತು ಹೋದ್ರು. ನಾನು ಕೂಟ ನಿಲ್ಲಿಸೋದೇ ಅಂತ ತೀರ್ಮಾನ ಮಾಡಿದ್ದೆ. ಇನ್ನೊಂದು ಅವಕಾಶ ಕೊಡಿ, ನಾನೂ ಜೊತೆಗೆ ಕೂತು ಜವಾಬ್ದಾರಿ ಹೊರ್ತೀನಿ ಅಂತ ಒಬ್ಬರು ಕೈ ಮುಗಿದು ಕೇಳ್ಕೊಂಡ್ರು."

"ಯಾ... ಯಾರು ಮೇಡಂ?"

"ಈಗ ತಾನೇ ಹೊರಗೆ ಹೋದ್ರಲ್ಲ! ಆದ್ರೆ ನನ್ನ ಮಾತು ಇಷ್ಟೇ. ಆ ತಾಯಿ ಮಗಳು ಒಪ್ಪಿದ್ರೆ ಕೂಟ ನಡೀಲಿ. ಇಲ್ಲದಿದ್ರೆ ಇವತ್ತಿಗೇ ಕೊನೆ. ಬೇರೆ ಶಾಲೆಯವರು ಕೇಳಿದ್ರೂ ನಾನು ಇದ್ದದ್ದು ಇದ್ದ ಹಾಗೆ ಹೇಳ್ತೀನಿ."

ಅವಳು ನೇರ ಮೈದಾನಕ್ಕೆ ಓಡಿದಳು.

ಮೈದಾನದಲ್ಲಿ ಅವನು ಸುಣ್ಣದ ಪುಡಿಯಿಂದ ಓಟದ ಗೆರೆ ಎಳೆಯುತ್ತಿದ್ದ. ಅವಳು ಹತ್ತಿರ ಹೋದರೂ ತಲೆಯೆತ್ತಲಿಲ್ಲ.

"ಸರ್, ಬಾಯಿಗೆ ಬಂದ ಹಾಗೆ ಮಾತಾಡಿಬಿಟ್ಟೆ... ಯಾಕೆ ಸುಮ್ನೆ ಕೇಳಿಸ್ಕೊಂಡ್ರಿ?"

ಗೆರೆ ಸೊಟ್ಟಗಾಯಿತು. ಅವನು ಡಬ್ಬಿ ಕೆಳಗಿಟ್ಟ.

"ನಾನು ಸ್ಕೂಲಲ್ಲಿದ್ದಾಗ ನನಗೂ ಇಂಥದ್ದೇ ಒಂದು ಕೂಟ ಇತ್ತು. ಓಡಿ ಓಡಿ ಹೋಗ್ತಿದ್ದೆ. ಒಂದಿನ ಕೂಟ ನಡೆಸ್ತಿದ್ದ ಅಣ್ಣ, 'ಕುಡಿದು ಬೀದಿಯಲ್ಲಿ ಬೀಳೋ ಇವನ ಅಪ್ಪನನ್ನ ಸರಿ ಮಾಡು ಕರ್ತನೇ' ಅಂತ ಎಲ್ಲರ ಮುಂದೆ ಪ್ರಾರ್ಥನೆ ಮಾಡಿದ. ತುಂಬಾ ಒಳ್ಳೆಯವನೇ ಅವನು. ಆದ್ರೆ ನಾನು ಮತ್ತೆ ಆ ಕಡೆ ತಲೆ ಹಾಕಲಿಲ್ಲ."

ಅವಳ ಕಣ್ಣು ತುಂಬಿಬಂತು. "ಅಷ್ಟು ನೋವಿದ್ದೂ ನನ್ನ ಪರವಾಗಿ ಯಾಕೆ ಕೇಳ್ಕೊಂಡ್ರಿ?"

"ನಿಮ್ಮ ಹಾಡು ಕೇಳೋಕೆ ಮಕ್ಕಳು ಊಟ ಬಿಟ್ಟು ಓಡಿ ಬರೋದನ್ನ ನೋಡಿದೀನಲ್ಲ. ಹೋಗಿ, ಮೊದಲು ಆ ಹುಡುಗಿ ಹತ್ರ ಮಾತಾಡಿ. ಬೇಕಾದ್ರೆ ನಾನೂ ಬರ್ತೀನಿ."

ಹುಡುಗಿಯ ಮನೆ ಹಳೆಯ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಅವನು ಕೆಳಗಡೆ ಮೆಟ್ಟಿಲ ಬಳಿಯೇ ನಿಂತ. ಅವಳೊಬ್ಬಳೇ ಹತ್ತಿದಳು. ತಾಯಿ ಅರ್ಧ ಬಾಗಿಲು ತೆರೆದು, "ಇನ್ನೇನು ಬಾಕಿ ಇದೆ?" ಅಂದರು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

"ತಪ್ಪು ಮಾಡಿದೆ ಅಮ್ಮ. ನನ್ನನ್ನ ನಂಬಿ ಹೇಳಿದ ಮಾತನ್ನ ಬೀದಿಗೆ ತಂದೆ. ದೇವರಿಗೆ ಹೇಳೋದಕ್ಕೆ ಊರಿಗೆಲ್ಲ ಕೇಳಿಸ್ಬೇಕಿರಲಿಲ್ಲ. ಕೂಟ ನಿಂತ್ರೂ ಪರವಾಗಿಲ್ಲ, ಮಗು ಶಾಲೆಗೆ ಬರ್ಲಿ..." ಮುಂದೆ ಅಳುವೇ ಬಂತು.

ತಾಯಿಯ ಬೆನ್ನ ಹಿಂದಿನಿಂದ ಹುಡುಗಿ ಇಣುಕಿದಳು.

"ಅಕ್ಕ, ಕೂಟ ನಿಲ್ಲಿಸ್ಬೇಡಿ. ನಾನು ಬರ್ತೀನಿ. ಆದ್ರೆ ನನ್ನ ವಿಷಯ ನಾನೇ ಹೇಳೋ ತನಕ ಯಾರೂ ಹೇಳಬಾರದು."

"ಪ್ರಾಣ ಹೋದ್ರೂ ಹೇಳಲ್ಲ ಪುಟ್ಟಾ!"

ತಾಯಿ ಮಗಳ ತಲೆ ಸವರಿದರು. ಆಮೇಲೆ ಬಾಗಿಲನ್ನು ಪೂರ್ತಿ ತೆರೆದರು. "ಒಳಗೆ ಬನ್ನಿ. ಮುಖ ತೊಳ್ಕೊಂಡು ಹೋಗಿ. ಹೆಡ್‌ಮಿಸ್‌ಗೆ ನಾನೇ ಫೋನ್ ಮಾಡ್ತೀನಿ."

ಅಬ್ಬಾ! ಎದೆಯ ಮೇಲಿದ್ದ ಕಲ್ಲುಚಪ್ಪಡಿ ಇಳಿದ ಹಾಗಾಯಿತು. ಅವಳು ಎರಡೆರಡು ಮೆಟ್ಟಿಲು ಹಾರಿ ಇಳಿದಳು. ಕೆಳಗೆ ಅವನು ಆ ಕಡೆಯಿಂದ ಈ ಕಡೆಗೆ ಶತಪಥ ತಿರುಗುತ್ತಿದ್ದ.

"ಒಪ್ಪಿದ್ರು ಸರ್! ಒಪ್ಪಿದ್ರು!" ಎಂದು ಅವನ ಕೈ ಹಿಡಿದುಬಿಟ್ಟಳು. ಹಿಡಿದದ್ದು ಗೊತ್ತಾಗಿ ಬಿಡಲು ಹೋದರೆ ಅವನು ಬಿಡಲಿಲ್ಲ.

"ನಾಳೆಯಿಂದ ನಾನೂ ಕೂಟಕ್ಕೆ ಬರ್ತೀನಿ" ಅಂದ. "ಜವಾಬ್ದಾರಿಗೆ ಅಂತ ಅಲ್ಲ. ಇಷ್ಟು ವರ್ಷ ಆದ್ಮೇಲೆ ಮತ್ತೆ ಅಲ್ಲಿ ಕೂತ್ಕೋಬೇಕು ಅನ್ನಿಸ್ತಿದೆ. ಆಮೇಲೆ... ನೀವಂದ್ರೆ ನನಗೆ ತುಂಬಾ ಇಷ್ಟ. ಸುತ್ತಿ ಬಳಸಿ ಹೇಳೋಕೆ ಬರಲ್ಲ ನನಗೆ."

ಈ ಮಾತಿಗಾಗಿಯೇ ತಾನು ಇಷ್ಟು ದಿನ ಬಾಗಿಲ ಕಡೆ ನೋಡುತ್ತಿದ್ದೆ ಎಂಬುದು ಅವಳಿಗೆ ಆಗ ಅರ್ಥವಾಯಿತು.

"ನಿಮ್ಮ ಚಿಕ್ಕಮ್ಮನ ಹತ್ರ ಬಂದು ಕೇಳ್ಲಾ?"

"ಮೊದಲು ನನ್ನನ್ನ ಕೇಳಿ."

"ಕೇಳ್ತಾ ಇದೀನಲ್ಲ."

"ಹೂಂ."

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ ರೀ! ಇನ್ನು ಹೇಗೆ ಹೇಳ್ಬೇಕು?"

ಅವನು ನಕ್ಕುಬಿಟ್ಟ. ಕೈ ಬಿಡದೆ ಇಬ್ಬರೂ ಅಂಗಡಿಯ ಕಡೆ ನಡೆದರು.