ಭಾರ ಬಲ್ಲ ಕೊಂಡಿ

ಕೊಂಡಿಯ ಮೇಲೆ ಕೆಂಪು ದೀಪ ಹತ್ತಿತು. "ಭಾರ ಹೆಚ್ಚಾಗಿದೆ. ಘಟ್ಟ ಹತ್ತಬೇಡಿ," ಎಂದಿತು ಅದರೊಳಗಿನ ಧ್ವನಿ. ದಾಮೋದರ ಹರಿಕಂತ್ರನ ಕಾರು ಜಪ್ಪಯ್ಯ ಅಂದರೂ ಕದಲಲಿಲ್ಲ.

ಪಕ್ಕದಲ್ಲಿ ನಿಂತಿದ್ದ ವಿಜ್ಞಾನಿ ನಾಗವೇಣಿ ತಾಂಡೇಲಳಿಗೆ ಒಳಗೊಳಗೇ ಹಿಗ್ಗು. ಕಾರಿಗೂ ಹಿಂದಿನ ಟ್ರೇಲರಿಗೂ ನಡುವೆ ಕೂರುವ ಈ ಕೊಂಡಿ ಅವಳು ಕಂಡುಹಿಡಿದದ್ದು. ಎಂಜಿನ್ನಿನ ಕಸುವು, ಬ್ರೇಕಿನ ಹಿಡಿತ, ರಸ್ತೆಯ ಏರು, ಟ್ರೇಲರಿನ ಭಾರ, ಕಾರಿನೊಳಗೆ ಕೂತವರ ತೂಕ ಎಲ್ಲವನ್ನೂ ಅದು ಅಳೆಯುತ್ತಿತ್ತು. ಮಿತಿ ಮೀರಿದರೆ ಬ್ರೇಕು ಬಿಡುತ್ತಿರಲಿಲ್ಲ. ಕಡಲು ಊರುಗಳನ್ನು ನುಂಗತೊಡಗಿದ ಮೇಲೆ ಕರಾವಳಿಯ ಜನ ಮನೆಸಾಮಾನನ್ನೆಲ್ಲ ಸಣ್ಣ ಕಾರುಗಳ ಹಿಂದೆ ಕಟ್ಟಿಕೊಂಡು ಘಟ್ಟ ಹತ್ತುತ್ತಿದ್ದರು. ಮೊದಲೆಲ್ಲ ಟ್ರೇಲರು ಹಿಂದಕ್ಕೆ ಜಗ್ಗಿ ಸಂಸಾರ ಸಂಸಾರವೇ ಕಣಿವೆಯ ಪಾಲಾಗುತ್ತಿತ್ತು. ಕೊಂಡಿ ಬಂದ ಮೇಲೆ ಒಂದು ಕಾರೂ ಉರುಳಿರಲಿಲ್ಲ.

"ದೋಣಿಯ ಎಂಜಿನ್ ಇಳಿಸಿ. ಆಮೇಲೆ ಬಂದು ಒಯ್ಯಬಹುದು," ಎಂದಳು ನಾಗವೇಣಿ.

"ಎಂತ ಅಕ್ಕೋರೇ, ಹೀಂಗಂತ್ರಿ! ಮೇಲೆ ಡ್ಯಾಮಿನ ನೀರಲ್ಲಿ ಮೀನು ಹಿಡ್ದೇ ಬದುಕ್ಬೇಕು ನಾವು. ಇಲ್ಲಿ ಬಿಟ್ಟದ್ದನ್ನ ಯಾರಾದ್ರೂ ಹೊತ್ಕಂಡು ಹೋದ್ರೆ?"

ಅವನ ತಾಯಿ ಕಪಾಟು ಇಳಿಸಲೂ ಒಪ್ಪಲಿಲ್ಲ. ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು. ಹೆಂಡತಿ ಶೇವಂತಿ ತೊಡೆಯ ಮೇಲಿನ ಕೂಸನ್ನು ಅತ್ತೆಯ ಕೈಗಿತ್ತು ಕೆಳಗಿಳಿದಳು.

"ನಾ ನಡ್ಕಂಡೇ ಬತ್ತೆ. ಏರು ಬಂದಾಗ ನಾವು ಇಳೂದು ಹೊಸ್ತಾ?" ಎಂದು ನಕ್ಕಳು.

ದೀಪ ಹಸಿರಾಯಿತು.

"ಅಯ್ಯೋ, ಈ ಬಿಸಿಲಲ್ಲಿ ಬೇಡ!" ಎಂದಳು ನಾಗವೇಣಿ.

"ನಿಮ್ಮ ಕೊಂಡೀನೇ ಹೂಂ ಅಂತಲ್ರಾ," ಎಂದ ದಾಮೋದರ ಕಾರು ಬಿಟ್ಟೇಬಿಟ್ಟ. ಲೆಕ್ಕ ಸರಿಯಾಗಿಯೇ ಇತ್ತಲ್ಲ, ನಾಗವೇಣಿ ಸಾಲಿನ ಮುಂದಿನ ಕಾರಿನತ್ತ ತಿರುಗಿದಳು. ಕಲಿತ ವಿದ್ಯೆಗೆ ಬೆಂಕಿ ಬೀಳಲಿ!

ಡಾಂಬರು ಕರಗುವ ಬಿಸಿಲು. ಮೇಲೆ ತಲುಪಿದ ದಾಮೋದರ ಕಾದ. ಕೂಸು ಹಾಲಿಗಾಗಿ ಕಿರುಚತೊಡಗಿತು. ಟ್ರೇಲರು ಕಳಚಿಟ್ಟು ಕೆಳಗೆ ಹೋದರೆ ಎಂಜಿನ್ ಕಾಯುವವರು ಯಾರೆಂದು ಮತ್ತೂ ಕಾದ. ಮನಸ್ಸು ತಡೆಯದೆ ಸಂಜೆ ಘಟ್ಟ ಹತ್ತಿದ ನಾಗವೇಣಿಗೆ ಶೇವಂತಿ ಸಿಕ್ಕಳು, ಮೋರಿಯ ನೆರಳಿಗೆ ತಲೆಯಿಟ್ಟು ಮಲಗಿದಂತೆ. ಮೈ ಇನ್ನೂ ಸುಡುತ್ತಿತ್ತು, ಉಸಿರಿರಲಿಲ್ಲ. ರವಿಕೆ ಹಾಲಿನಿಂದ ನೆನೆದಿತ್ತು.

ಜನರನ್ನು ಇಳಿಸಿದರೆ ಹಸಿರಾಗದಂತೆ ಕೊಂಡಿಯನ್ನು ಬದಲಿಸಲು ಅನುಮತಿ ಕೇಳಿ ನಾಗವೇಣಿ ಸಾರಿಗೆ ಅಧಿಕಾರಿಯ ಮುಂದೆ ನಿಂತಳು. ಆತ ಕಕ್ಕಾಬಿಕ್ಕಿಯಾದ. "ಯಾಕೆ ಮೇಡಂ? ನಿಮ್ಮ ಕೊಂಡಿ ಬಂದ ಮೇಲೆ ಘಟ್ಟದಲ್ಲಿ ಒಂದೇ ಒಂದು ಅಪಘಾತ ಆಗಿಲ್ಲವಲ್ಲ!"

ಮತ್ತೆ ಘಟ್ಟದ ಬುಡಕ್ಕೆ ಬಂದಳು. ಸಾಲುಗಟ್ಟಿ ನಿಂತ ಕಾರುಗಳಲ್ಲಿ ದೀಪ ಕೆಂಪಾದಾಗಲೆಲ್ಲ, ಯಾರೂ ತುಟಿ ಬಿಚ್ಚುವ ಮೊದಲೇ, ಒಬ್ಬ ಹೆಂಗಸು ಬಾಗಿಲು ತೆರೆದು ಇಳಿಯುತ್ತಿದ್ದಳು.

ಇದು ಮುಂದೆಂದೋ ನಡೆಯುವ ಕತೆ, ನಮಗೇನು ಅನ್ನಬೇಡಿ. ಮೊನ್ನೆ ನಿಮ್ಮ ಟೆಂಪೋ ಏರಿನಲ್ಲಿ ಏದುಸಿರು ಬಿಟ್ಟು ನಿಂತಾಗ, ಯಾರೂ ಹೇಳದೆ ಮೊದಲು ಇಳಿದವಳು ಯಾರು? ಆ ಕೊಂಡಿಯಂತೂ ಇನ್ನೂ ಹುಟ್ಟಿಲ್ಲ.