ಪಂಪ್ ರೂಮಿನ ಬಿಳಿ ಕ್ಯಾನ್

ಬುಧವಾರ ಬೆಳಿಗ್ಗೆ ಸಾಂತಾಕ್ರೂಜ್ ಪೂರ್ವದ ಪೊಲೀಸ್ ಠಾಣೆಗೆ ಬಂದ ಹೆಂಗಸು ಹಿಂದಿಯಲ್ಲಿ ಮಾತು ಶುರು ಮಾಡಿದಳು. ಹೆಸರು ಗುಲಾಫಶಾ, ವಾಸ ದಹಿಸರ್, ಕಸುಬು ಹೊಲಿಗೆ. ಅವಳ ತಮ್ಮ ಅಬ್ರಾರ ವಿಮಾನ ನಿಲ್ದಾಣದ ಹತ್ತಿರದ ಹೋಟೆಲೊಂದರಲ್ಲಿ ಟೆರೇಸಿನ ಹಾಟ್ ಟಬ್ಬನ್ನು, ಅತಿಥಿಗಳು ಇಳಿದು ಕೂರುವ ಬಿಸಿನೀರಿನ ತೊಟ್ಟಿಯನ್ನು, ನೋಡಿಕೊಳ್ಳುವ ಕೆಲಸದಲ್ಲಿದ್ದ. ಹಿಂದಿನ ದಿನ ಮಧ್ಯಾಹ್ನ ಅದರ ಫಿಲ್ಟರ್ ತೊಳೆಯುತ್ತಿದ್ದಾಗ ವಿಷದ ಗಾಳಿ ಕುಡಿದು ಬಿದ್ದವನು ಈಗ ಐಸಿಯುನಲ್ಲಿದ್ದ.

ಅಷ್ಟು ಹೇಳುವುದರೊಳಗೆ ಅವಳ ಹಿಂದಿ ತಡವರಿಸಿತು. "ಯಾ ಅಲ್ಲಾ, ಹೆಂಗ ಹೇಳ್ಲಿ ಇವರಿಗೆ" ಎಂದು ತನ್ನಷ್ಟಕ್ಕೆ ಅಂದುಕೊಂಡಳು.

ಇನ್‌ಸ್ಪೆಕ್ಟರ್ ಜ್ಯೋತ್ಸ್ನಾ ಅಮೀನ್ ತಲೆ ಎತ್ತಿದರು. ಹುಟ್ಟಿ ಬೆಳೆದದ್ದು ಮುಂಬಯಿಯಲ್ಲೇ ಆದರೂ ಅವರ ಮನೆಮಂದಿ ಮೂಲ್ಕಿಯವರು. "ಕನ್ನಡದಲ್ಲೇ ಹೇಳಿ" ಎಂದರು.

ಗುಲಾಫಶಾ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ತೊಳಿಯೂ ಔಷಧ ತಪ್ಪಿ ಹಾಕ್ಯಾನ, ಅವಂದ ತಪ್ಪು ಅಂತಾರ್ರಿ ಹೋಟೆಲ್‌ನವರು. ನನ್ನ ತಮ್ಮ ಹಂಥಾಂವ ಅಲ್ರಿ. ಮನ್ಯಾಗ ಫಿನೈಲ್ ಬಾಟ್ಲಿಗೂ ಹೆಸರು ಬರದು ಅಂಟಸ್ತಾನ."

"ಯಾರ ಜೊತೆಯಾದರೂ ಜಗಳ ಇತ್ತಾ?"

"ನಂಗ ಗೊತ್ತಿಲ್ರಿ. ಅವಂದ ತಪ್ಪು ಅಂತ ಆತಂದ್ರ ಈ ಊರಾಗ ಯಾರೂ ಅವಂಗ ಕೆಲಸ ಕೊಡಂಗಿಲ್ಲ. ಜೀವ ಉಳದ್ರೂ ಏನ್ ಮಾಡ್ಬೇಕ್ರಿ ಅಂವ?"

ಭಾರತೀಯ ನ್ಯಾಯ ಸಂಹಿತೆಯ ಕಲಂ 125 ಮತ್ತು 286ರ ಅಡಿಯಲ್ಲಿ, ನಿರ್ಲಕ್ಷ್ಯದಿಂದ ಜೀವಕ್ಕೆ ಅಪಾಯ ತಂದರೆಂದು ಅಪರಿಚಿತರ ವಿರುದ್ಧ ಎಫ್‌ಐಆರ್ ದಾಖಲಾಯಿತು. ಜ್ಯೋತ್ಸ್ನಾ ಕಾನ್‌ಸ್ಟೆಬಲ್ ಶೆಟ್ಟೆಪ್ಪನನ್ನು ಕರೆದುಕೊಂಡು ಹೋಟೆಲಿಗೆ ಹೊರಟರು. ಶೆಟ್ಟೆಪ್ಪ ಅಕ್ಕಲಕೋಟದ ಕಡೆಯವನು. ಠಾಣೆಯಲ್ಲಿ ಮರಾಠಿ, ಜೀಪಿನಲ್ಲಿ ಮೇಡಂ ಜೊತೆ ಕನ್ನಡ.

ಹೋಟೆಲಿನ ಮಾಲೀಕ ಸುಹಾಸ ರೈ ಲಿಫ್ಟಿನ ಬಳಿಯೇ ಅವರಿಬ್ಬರನ್ನು ಎದುರುಗೊಂಡ. ಅಪ್ಪ ಕಟ್ಟಿದ ಹೋಟೆಲು, ಮಗ ಬಾಂದ್ರಾದ ಇಂಗ್ಲಿಷ್ ಶಾಲೆಯಲ್ಲಿ ಓದಿದವನು.

"ಮೇಡಂ, ಆ್ಯಕ್ಸಿಡೆಂಟ್ ಅಷ್ಟೇ ಇದು. ಹುಡುಗ ಕನ್‌ಫ್ಯೂಸ್ ಆಗಿ ಆಸಿಡ್ ಹಾಕಿದ್ದಾನೆ, ಔರ್ ಕ್ಯಾ."

"ಆಸಿಡ್ ಎಂದು ನಿಮಗೆ ಹೇಗೆ ಗೊತ್ತು?"

"ಸ್ಮೆಲ್ ಹಾಗಿತ್ತಲ್ಲ."

ಪಂಪ್ ರೂಮು ಟೆರೇಸಿನ ಮೂಲೆಯ ಸಣ್ಣ ಕೋಣೆ, ಕಿಟಕಿ ಇಲ್ಲ. ನೆಲವನ್ನು ಚೆನ್ನಾಗಿ ತೊಳೆಯಲಾಗಿತ್ತು.

"ತೊಳೆದವರು ಯಾರು?"

"ನಾನೇ ತೊಳೆಸಿದ್ದು. ಗೆಸ್ಟ್‌ಗಳು ಕಂಪ್ಲೇಂಟ್ ಮಾಡ್ತಿದ್ರು. ಹೋಟೆಲ್ ಕಾ ನಾಮ್ ಹೈ ಮೇಡಂ..."

"ಇನ್ನು ಏನನ್ನೂ ಮುಟ್ಟಬೇಡಿ."

ಅದೃಷ್ಟಕ್ಕೆ ವಾಸನೆಗೆ ಹೆದರಿ ಫಿಲ್ಟರ್ ತೊಳೆಯುವ ಡ್ರಮ್ಮನ್ನು ಯಾರೂ ಖಾಲಿ ಮಾಡಿರಲಿಲ್ಲ. ಅದರೊಳಗೆ ನೆರಿಗೆ ನೆರಿಗೆಯಾದ ಬಟ್ಟೆಯ ಎರಡು ಫಿಲ್ಟರುಗಳು ಮುಳುಗಿದ್ದವು. ಪಕ್ಕದಲ್ಲಿ ಬ್ಲೀಚಿನ ನೀಲಿ ಕ್ಯಾನ್, ಜಿಡ್ಡು ತೆಗೆಯುವ ಡಿಗ್ರೀಸರಿನ ಬಿಳಿ ಕ್ಯಾನ್. ಆಸಿಡ್ಡಿನ ಕ್ಯಾನ್ ಕೋಣೆಯಲ್ಲಿ ಇರಲೇ ಇಲ್ಲ. ಪಂಚ ಸಾಕ್ಷಿಗಳ ಎದುರು ಶೆಟ್ಟೆಪ್ಪ ಎಲ್ಲದಕ್ಕೂ ಸೀಲು ಹಾಕಿದ. ಪಂಚನಾಮೆ ಮುಗಿದಾಗ ಮಧ್ಯಾಹ್ನವಾಗಿತ್ತು.

"ಆಸಿಡ್ ಎಲ್ಲಿದೆ?"

"ಕೆಳಗೆ ಸ್ಟೋರಿನಲ್ಲಿ. ಕೀಲಿ ಚೆನ್ನಯನ ಹತ್ತಿರ. ಅವನಿಲ್ಲದಿದ್ದರೆ ಹುಡುಗ ಉಳಿಯುತ್ತಲೇ ಇರಲಿಲ್ಲ, ಮೇಡಂ. ಟವೆಲ್ ಒದ್ದೆ ಮಾಡಿ ಮುಖಕ್ಕೆ ಸುತ್ತಿಕೊಂಡು ಒಳಗೆ ನುಗ್ಗಿ ಎಳೆದು ತಂದವನು ಅವನೇ."

ಚೆನ್ನಯ ಉಡುಪಿ ಕಡೆಯವನು, ನಿವೃತ್ತಿಯ ಹತ್ತಿರದ ವಯಸ್ಸು. ಕಣ್ಣು ಇನ್ನೂ ಕೆಂಪಗಿದ್ದವು, ಮಾತಿನ ನಡುವೆ ಕೆಮ್ಮುತ್ತಿದ್ದ. ಮೊದಲು ಹಾಟ್ ಟಬ್ ಅವನ ಸುಪರ್ದಿಯಲ್ಲೇ ಇತ್ತು. ಅಬ್ರಾರ ಬಂದ ಮೇಲೆ ಚೆನ್ನಯನನ್ನು ಸ್ಟೋರಿಗೆ ಹಾಕಿದ್ದರು.

"ಮೇಲೆ ಯಾಕೆ ಹೋಗಿದ್ದಿರಿ?"

"ಟವೆಲಿನ ಕಟ್ಟು ಕೊಡ್ಲಿಕ್ಕೆ. ಕೆಮ್ಮಿದ್ದು ಕೇಳಿತು, ಒಳಗೆ ಹೋದೆ. ಅಷ್ಟೇ."

ಆ ದಿನ ಅವನನ್ನು ಹೆಚ್ಚು ಕೇಳಬೇಕೆಂದು ಜ್ಯೋತ್ಸ್ನಾ ಅವರಿಗೆ ಅನ್ನಿಸಲಿಲ್ಲ.

ಶುಕ್ರವಾರ ಡಾಕ್ಟರು ಅಬ್ರಾರನೊಂದಿಗೆ ಮಾತಾಡಲು ಒಪ್ಪಿದರು, ಸ್ವಲ್ಪ ಹೊತ್ತು ಮಾತ್ರ. ಮೂವತ್ತರೊಳಗಿನ ಹುಡುಗ. ಸ್ವರ ಹೊರಡುತ್ತಿದ್ದದ್ದು ಕಾಗದ ಹರಿದಂತೆ.

"ಆಸಿಡ್ ಯಾಕೆ ಹಾಕಿದಿರಿ?"

ಅವನು ತಲೆ ಅಲ್ಲಾಡಿಸಿದ. "ಹಾಕಿಲ್ರಿ."

"ಹಾಗಾದರೆ ಹೇಗೆ ತೊಳೀತೀರಿ ಹೇಳಿ. ನಿಧಾನವಾಗಿ."

"ಮೊದಲ ಬರೇ ನೀರಾಗ. ಆಮ್ಯಾಲೆ ಡ್ರಮ್ಮಿನ್ಯಾಗ ಬ್ಲೀಚ್ ನೀರು, ಅದಕ್ಕ ಬಿಳಿ ಕ್ಯಾನಿಂದು. ಟಬ್ಬಿಗೆ ಮಂದಿ ಎಣ್ಣಿ, ಕ್ರೀಮು ಹಚ್ಕೊಂಡು ಇಳೀತಾರ್ರಿ. ಜಿಡ್ಡು ಬಿಳಿ ಕ್ಯಾನಿಂದಕ್ಕ ಬಿಡ್ತದ, ರೋಗದ ಹುಳಾ ಬ್ಲೀಚಿಗೆ ಸಾಯ್ತಾವ. ಅವೆರಡೂ ಕೂಡಿದ್ರ ಏನೂ ಆಗಂಗಿಲ್ಲ."

"ಆಸಿಡ್ ಯಾವಾಗ?"

"ಬೋರಿನ ನೀರಿಂದ ಸುಣ್ಣದ ಪದರ ಕಟ್ಟಿದ್ರ ಅಷ್ಟ. ಅದೂ ಬ್ಯಾರೆ ಡ್ರಮ್ಮಿನ್ಯಾಗ. ಜಿಡ್ಡಿನ ಮ್ಯಾಲೆ ಆಸಿಡ್ ಬಿದ್ರ ಜಿಡ್ಡು ಗಟ್ಟಿಯಾಗಿ ಬಟ್ಟಿಯೊಳಗ ಕೂಡ್ತದ, ಫಿಲ್ಟರ್ ಸತ್ತಂಗ. ಬ್ಲೀಚಿಗೆ ಆಸಿಡ್ ಬಿದ್ರ..." ಅವನು ಕೆಮ್ಮಿದ. ಮುಂದಿನದನ್ನು ಹೇಳಬೇಕಾಗಿರಲಿಲ್ಲ.

"ಮಂಗಳವಾರ ಏನಾಯಿತು?"

"ಬಿಳಿ ಕ್ಯಾನಿಂದ ಸುರುವಿದೆ. ದಿನಾ ನೊರಿ ಬರ್ತದ. ಅವತ್ತ ಹಳದಿ ಹೊಗಿ ಬಂತು."

ಬಾಗಿಲ ಹೊರಗೆ ಗುಲಾಫಶಾ ಗೋಡೆಗೆ ಒರಗಿ ನಿಂತಿದ್ದಳು. ಜ್ಯೋತ್ಸ್ನಾ ಅವಳಿಗೆ ತಲೆಯಾಡಿಸಿ ಹೊರಟರು.

ಕಲೀನಾದ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಮರುವಾರ ಬಂತು. ಬಿಳಿ ಕ್ಯಾನಿನಲ್ಲಿದ್ದದ್ದು ಡಿಗ್ರೀಸರ್ ಅಲ್ಲ. ಹೊಗೆಯಾಗಲಿ ಬಣ್ಣವಾಗಲಿ ಇಲ್ಲದ, ಸುಣ್ಣದ ಪದರ ತೆಗೆಯುವ ಆಸಿಡ್. ಲೇಬಲ್ ಒಂದು, ಒಳಗಿನದು ಇನ್ನೊಂದು. ಕೋಣೆಯಲ್ಲಿ ಮೊದಲೇ ಬ್ಲೀಚಿನ ಘಾಟು ತುಂಬಿರುವಾಗ ಅಬ್ರಾರನಿಗೆ ವಾಸನೆಯಿಂದ ಗೊತ್ತಾಗುವಂತಿರಲಿಲ್ಲ.

ತಯಾರಕರೇ ತಪ್ಪು ತುಂಬಿದ್ದರೆ? ಜ್ಯೋತ್ಸ್ನಾ ಶೆಟ್ಟೆಪ್ಪನನ್ನು ಬಾಂದ್ರಾದ ಮಾರಾಟಗಾರನ ಅಂಗಡಿಗೆ ಕಳಿಸಿದರು. ಅದೇ ಬ್ಯಾಚಿನ ಉಳಿದ ಕ್ಯಾನುಗಳಲ್ಲಿ ಸರಿಯಾದ ಮಾಲೇ ಇತ್ತು. ಬೆರಳಿಗೆ ಹಚ್ಚಿ ನೋಡಿದ ಶೆಟ್ಟೆಪ್ಪ, "ಸೋಪಿನಂಗ ಜಾರ್ತದ್ರಿ ಮೇಡಂ" ಎಂದು ಫೋನಿನಲ್ಲಿ ಹೇಳಿದ.

ಅಂದರೆ ಅದಲುಬದಲು ನಡೆದದ್ದು ಹೋಟೆಲಿನೊಳಗೆ.

ಜ್ಯೋತ್ಸ್ನಾ ಮತ್ತು ಶೆಟ್ಟೆಪ್ಪ ಮತ್ತೆ ಹೋಟೆಲಿಗೆ ಹೋಗಿ ಕೆಳಗಿನ ಸ್ಟೋರಿಗೆ ಇಳಿದರು. ಹೊಸ ಕ್ಯಾನುಗಳೆಲ್ಲ ಮೊದಲು ಇಲ್ಲಿಗೆ ಬಂದು, ಚೆನ್ನಯನ ಕೈಯಿಂದಲೇ ಮೇಲಕ್ಕೆ ಹೋಗುತ್ತಿದ್ದವು. ಆದರೆ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ಹೌಸ್‌ಕೀಪಿಂಗಿನವರು, ಅಡುಗೆಯವರು, ಸ್ವತಃ ಮಾಲೀಕ, ಎಲ್ಲರೂ ಬಂದು ಹೋಗುತ್ತಿದ್ದರು. ಮೂಲೆಯ ಸಿಂಕಿನ ಪಕ್ಕದಲ್ಲೊಂದು ಅಮೃತಶಿಲೆಯ ಹಲಗೆ. ಅದರ ಮೇಲೆ ರೂಪಾಯಿ ನಾಣ್ಯದಷ್ಟಗಲ ಹೊಳಪು ಹೋಗಿತ್ತು. ಶೆಟ್ಟೆಪ್ಪ ಉಗುರಿನಿಂದ ಕೆರೆದು ನೋಡಿದ. ಆಸಿಡ್ ತಿಂದಂತೆ ಕಲ್ಲು ಒರಟಾಗಿತ್ತು.

"ಇದು ಯಾವಾಗಿನದು?"

"ನಿಂಬೆರಸ ಬಿದ್ದರೂ ಹಾಗೇ ಆಗ್ತದೆ ಮೇಡಂ" ಎಂದ ಚೆನ್ನಯ.

"ಸ್ಟೋರಿನಲ್ಲಿ ನಿಂಬೆಹಣ್ಣು ಹಿಂಡುತ್ತೀರಾ?"

ಚೆನ್ನಯ ಕ್ಯಾನುಗಳನ್ನು ಸಾಲಾಗಿ ಜೋಡಿಸತೊಡಗಿದ. ಆದರೆ ಒಂದು ಕಲೆ ಸಾಕ್ಷ್ಯವಾಗುವುದಿಲ್ಲ. ಹೊರಗೆ ಬಂದಾಗ ಜ್ಯೋತ್ಸ್ನಾ ಅವರ ತಲೆಯಲ್ಲಿ ಬೇರೊಂದು ಪ್ರಶ್ನೆ ಓಡುತ್ತಿತ್ತು. ಬಿಳಿ ಕ್ಯಾನಿಗೆ ಆಸಿಡ್ ತುಂಬಿದವನು ಅದರಲ್ಲಿದ್ದ ಡಿಗ್ರೀಸರನ್ನು ಏನು ಮಾಡಿದ? ಚರಂಡಿಗೆ ಸುರಿದಿದ್ದರೆ ಅಲ್ಲಿಗೆ ಮುಗಿಯಿತು. ಸುರಿಯದಿದ್ದರೆ?

"ಶೆಟ್ಟೆಪ್ಪ, ಈ ಕಟ್ಟಡದಲ್ಲಿ ಜಿಡ್ಡು ಎಲ್ಲೆಲ್ಲಿ ಇರುತ್ತದೆ?"

"ಅಡಗಿಮನ್ಯಾಗರಿ, ಮತ್ತೆಲ್ಲಿ?"

ಅಡುಗೆಮನೆಯ ಮುಖ್ಯಸ್ಥ ಕಿಶೋರ ದೋಸೆಕಲ್ಲಿನ ಮುಂದಿದ್ದ. ಕಲ್ಲಿನ ಮೇಲಿನ ಚಿಮಣಿ ಹೊಸದರಂತೆ ಹೊಳೆಯುತ್ತಿತ್ತು.

"ಚಿಮಣಿ ಭಾರಿ ಚೆಂದ ಇದೆಯಲ್ಲ. ಹೊಸದಾ?"

ಕಿಶೋರನ ಮುಖ ಅರಳಿತು. "ಹಳೆಯದೇ ಮೇಡಂ. ಎಷ್ಟು ತಿಕ್ಕಿದ್ರೂ ಹೋಗ್ತಿರಲಿಲ್ಲ. ಚೆನ್ನಯಣ್ಣ ಒಂದು ಲಿಕ್ವಿಡ್ ಕೊಟ್ರು ನೋಡಿ, ಒರಸಿದ ಕೂಡ್ಲೇ ಬಿಟ್ಟಿತು."

"ಯಾವಾಗ ಕೊಟ್ಟದ್ದು?"

"ಸೋಮವಾರ. ಅಬ್ರಾರ ಬಿದ್ದನಲ್ಲ, ಅದರ ಮುಂಚಿನ ದಿನ."

"ಉಳಿದಿದೆಯಾ?"

ಕಿಶೋರ ಕಪಾಟಿನಿಂದ ಹಳೆಯ ಎಣ್ಣೆ ಡಬ್ಬಿಯೊಂದನ್ನು ತೆಗೆದ. ಜ್ಯೋತ್ಸ್ನಾ ಕೈಗವಸು ಹಾಕಿಕೊಂಡು ಒಂದು ಹನಿಯನ್ನು ಎರಡು ಬೆರಳುಗಳ ನಡುವೆ ಉಜ್ಜಿದರು. ಜಾರಿತು. ಏನಾಗುತ್ತಿದೆಯೆಂದು ಹೊಳೆದು ಕಿಶೋರನ ಕೈಯಲ್ಲಿದ್ದ ಸಟ್ಟುಗ ಹಾಗೆಯೇ ನಿಂತಿತು. ಡಬ್ಬಿಗೆ ಪ್ರತ್ಯೇಕ ಪಂಚನಾಮೆ ಮಾಡಿಸಿ ಪ್ರಯೋಗಾಲಯಕ್ಕೆ ಕಳಿಸಿದರು. ಬಾಂದ್ರಾದ ಅಂಗಡಿಯ ಡಿಗ್ರೀಸರಿಗೂ ಇದಕ್ಕೂ ವ್ಯತ್ಯಾಸವಿಲ್ಲವೆಂದು ಉತ್ತರ ಬಂತು.

ಉತ್ತರ ಬಂದ ದಿನ ಸಂಜೆ ಚೆನ್ನಯನನ್ನು ಠಾಣೆಗೆ ಕರೆಸಿದರು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಶೆಟ್ಟೆಪ್ಪ ಕೊಟ್ಟ ನೀರನ್ನು ಪೂರ್ತಿ ಕುಡಿದ.

"ಕಿಶೋರನಿಗೆ ಕೊಟ್ಟ ಲಿಕ್ವಿಡ್ ಎಲ್ಲಿಂದ ಬಂತು?"

"ಸ್ಟೋರಿನದ್ದು."

"ಯಾವ ಕ್ಯಾನಿನದು?"

ಚೆನ್ನಯ ಖಾಲಿ ಲೋಟವನ್ನು ಮೇಜಿನ ಅಂಚಿಗೆ ಸರಿಸಿದ.

"ಚರಂಡಿಗೆ ಸುರಿದಿದ್ದರೆ ನಮಗೆ ಸಿಗುತ್ತಲೇ ಇರಲಿಲ್ಲ. ಯಾಕೆ ಸುರಿಯಲಿಲ್ಲ?"

"ಒಳ್ಳೆ ಸಾಮಾನು, ಮೇಡಂ" ಎಂದ ಅವನು. "ಬಿಸಾಡ್ಲಿಕ್ಕೆ ಮನಸ್ಸು ಬರಲಿಲ್ಲ." ಅಷ್ಟು ಹೇಳಿದ ಮೇಲೆ ಮುಚ್ಚಿಡಲು ಏನೂ ಉಳಿದಿಲ್ಲವೆಂದು ಅವನಿಗೇ ತಿಳಿಯಿತು. ಎರಡೂ ಕೈಗಳನ್ನು ಮೇಜಿನ ಮೇಲಿಟ್ಟ.

"ಅಬ್ರಾರನನ್ನು ಕೊಲ್ಲಬೇಕೆಂದಿತ್ತಾ?"

"ದೇವರಾಣೆ ಇಲ್ಲ! ಡ್ರಮ್ಮಿಗೆ ಅವ ಬ್ಲೀಚ್ ಹಾಕ್ತಾನೆ ಅಂತ ನಂಗೆ ಗೊತ್ತೇ ಇರಲಿಲ್ಲ. ಬ್ಲೀಚ್ ಟಬ್ಬಿನ ನೀರಿಗೆ ಮಾತ್ರ ಅಂತ ತಿಳಿದಿದ್ದೆ. ನನ್ನ ಕಾಲದಲ್ಲಿ ಬರೀ ನೀರು, ಅದಕ್ಕೆ ಆಸಿಡ್. ಬಾಗಿಲಲ್ಲಿ ಆ ಹೊಗೆ ಕಂಡಾಗಲೇ ಗೊತ್ತಾದದ್ದು, ನಾನು ಮಾಡಿದ್ದು ಎಂಥದ್ದು ಅಂತ."

"ಮತ್ತೆ ಏನಾಗಬೇಕೆಂದಿತ್ತು?"

"ಅವನ ಫಿಲ್ಟರೂ ಹಾಳಾಗಬೇಕಿತ್ತು. ಜಿಡ್ಡಿನ ಮೇಲೆ ಆಸಿಡ್ ಬಿದ್ದರೆ ಗಟ್ಟಿಯಾಗ್ತದೆ ಅಂತ ಅವನೇ ಅಲ್ಲವಾ ಹೇಳಿಕೊಟ್ಟದ್ದು."

"ಅವನು ಹೇಳಿದ್ದು ಸರಿ ಎಂದು ನಿಮಗೆ ಗೊತ್ತಿತ್ತು."

"ಗೊತ್ತಿತ್ತು." ಚೆನ್ನಯ ತಲೆ ತಗ್ಗಿಸಿದ. "ಸರಿಯೇ. ಅದೇ ನಂಗೆ ತಡೀಲಿಕ್ಕೆ ಆಗದ್ದು."

ಉಳಿದದ್ದನ್ನು ಅವನು ನಿಲ್ಲಿಸಿ ನಿಲ್ಲಿಸಿ ಹೇಳಿದ. ಹಾಟ್ ಟಬ್ ಬಂದಾಗ ಅದನ್ನು ನಡೆಸುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಅವನೇ ಎಡವಿ, ಕೈ ಸುಟ್ಟುಕೊಂಡು ಕಲಿತ. ಆಸಿಡ್ ಹಾಕಿದರೆ ಫಿಲ್ಟರ್ ಬೆಳ್ಳಗಾಗುತ್ತಿತ್ತು, ಬೆಳ್ಳಗಾದದ್ದು ಶುಚಿಯಾಯಿತೆಂದೇ ಅವನು ತಿಳಿದಿದ್ದ. ಒಂದು ಸಲ ಅತಿಥಿಗಳಿಗೆ ಮೈಮೇಲೆ ಗುಳ್ಳೆ ಎದ್ದವು. ಅಬ್ರಾರನನ್ನು ಕರೆಸಿದರು. ಅವನು ಮಾಲೀಕನ ಮಾತಿಗೆ ಎಲ್ಲ ನೌಕರರ ಎದುರು ಫಿಲ್ಟರೊಂದನ್ನು ಉದ್ದಕ್ಕೆ ಕೊಯ್ದು ತೋರಿಸಿದ. ಹೊರಗೆ ಬಿಳಿ, ನೆರಿಗೆಗಳ ಒಳಗೆ ಮೇಣದ ಹಾಗೆ ಕಟ್ಟಿಕೊಂಡ ಕಂದು ಜಿಡ್ಡು.

"ಅವತ್ತು ಮುಗಿದಿದ್ದರೆ ಬೇಜಾರಿರಲಿಲ್ಲ. ಸಣ್ಣ ಧಣಿ ಸುಹಾಸರು ಆ ಕೊಯ್ದ ಫಿಲ್ಟರನ್ನು ತೆಗೆದಿಟ್ಟರು. ಹೊಸಬರು ಬಂದಾಗಲೆಲ್ಲ ಮೇಜಿನ ಮೇಲೆ ಇಡ್ತಾರೆ. ಹೀಗೆ ತೊಳೀಬಾರದು ಅಂತ. ಆ ಮೇಜಿಗೆ ಚಾ ತಕೊಂಡು ಹೋಗುವವ ನಾನೇ."

ಶೆಟ್ಟೆಪ್ಪ ಟೈಪ್ ಮಾಡುವುದನ್ನು ನಿಲ್ಲಿಸಿ ಮೇಡಂ ಕಡೆ ನೋಡಿದ. "ಎಲ್ಲಾ ಬರೀರಿ" ಎಂದರು ಜ್ಯೋತ್ಸ್ನಾ.

ಸಂಜೆ ಏಳು ಗಂಟೆಗೆ ಚೆನ್ನಯನ ಬಂಧನ ದಾಖಲಾಯಿತು. ಬೇಕೆಂದೇ ಮಾಡಿದ ಅದಲುಬದಲಾದ್ದರಿಂದ ಕಲಂಗಳನ್ನು ಬದಲಿಸಲು ನ್ಯಾಯಾಲಯಕ್ಕೆ ವರದಿ ಹೋಯಿತು. ಮರುದಿನ ಸುಹಾಸ ರೈಯ ಹೇಳಿಕೆ ಪಡೆದಾಗ ಕೊಯ್ದ ಫಿಲ್ಟರಿನ ಮಾತು ಬಂತು. ಅವನು ನಿಜವಾಗಿಯೂ ಅಚ್ಚರಿಪಟ್ಟ. "ಟ್ರೈನಿಂಗ್‌ಗೆ ಇಟ್ಟದ್ದು ಮೇಡಂ. ಚೆನ್ನಯನ ಹೆಸರು ಯಾರೂ ಹೇಳ್ತಿರಲಿಲ್ಲ."

"ಹೇಳುವ ಅಗತ್ಯ ಇತ್ತಾ?" ಎಂದು ಕೇಳಿ ಜ್ಯೋತ್ಸ್ನಾ ಎದ್ದರು.

ಆಸ್ಪತ್ರೆಯಲ್ಲಿ ಅಬ್ರಾರನ ಮೂಗಿನ ನಳಿಗೆ ತೆಗೆದಿದ್ದರು. ಗುಲಾಫಶಾ ಮೂಸಂಬಿ ಸುಲಿಯುತ್ತಿದ್ದಳು. ತಪ್ಪು ಅವನದಲ್ಲವೆಂದು ಪೊಲೀಸರ ವರದಿಯೇ ಹೇಳುತ್ತದೆ ಎಂದಾಗ ಅವಳು ದುಪಟ್ಟಾದಿಂದ ಕಣ್ಣೊರಸಿಕೊಂಡಳು. ಆಮೇಲೆ ಜ್ಯೋತ್ಸ್ನಾ ಹೆಸರು ಹೇಳಿದರು, ಕಾರಣವನ್ನೂ ಹೇಳಿದರು.

"ಇಷ್ಟಕ್ಕ?" ಎಂದಳು ಗುಲಾಫಶಾ. "ನನ್ನ ತಮ್ಮನ ಉಸಿರು ಹೋಗೂದಿತ್ತು, ಇಷ್ಟಕ್ಕ?"

ಅಬ್ರಾರ ಅಕ್ಕನ ಕೈಯಿಂದ ಮೂಸಂಬಿ ತೆಗೆದು ಪಕ್ಕಕ್ಕಿಟ್ಟ. ಕಿಟಕಿಯ ಹೊರಗೆ ವಿಮಾನವೊಂದು ತಗ್ಗಿನಲ್ಲಿ ಹಾದು ಹೋಗಿ ಗಾಜು ಅದುರಿತು.

"ಚೆನ್ನಯಣ್ಣಗ ಶಿಕ್ಷಾ ಆಗ್ಲಿ ಮೇಡಂ. ಆಗಬ್ಯಾಡಂತ ನಾ ಅನ್ನಂಗಿಲ್ಲ" ಎಂದ. ಗಂಟಲು ನೋಯುತ್ತಿದ್ದುದರಿಂದ ಒಂದೊಂದೇ ಮಾತು. "ಆದ್ರ ಆ ಫಿಲ್ಟರ್ ಕೊಯ್ದಾಂವ ನಾನು. ಕೊಯ್ಯೂ ಮುಂದ ಎಲ್ಲಾರ ಮಾರಿ ನೋಡೀನಿ, ತಿಳೀತಾ ತಿಳೀತಾ ಅಂತ ಕೇಳೀನಿ. ಚೆನ್ನಯಣ್ಣನ ಮಾರಿ ಒಂದು ನೋಡಲಿಲ್ರಿ."