ರಿಬ್ಬನ್ನಿನ ಗಂಟು

"ಎಲ್ಲಾರೂ ದಾರ ಕಟ್ತಾರೆ. ಇದೇನಿದು?" ಎಂದು ಜಬೀ ನಕ್ಕಿದ್ದ.

"ನಿಂಗೆ ಗುರ್ತು ಸಿಗ್ಲಿ ಅಂತ," ಎಂದಿದ್ದಳು ಶ್ವೇತ.

ಶ್ರೀರಂಗಪಟ್ಟಣದ ಟೈಪಿಂಗ್ ಕ್ಲಾಸಿನಲ್ಲಿ ಇಬ್ಬರದೂ ಅಕ್ಕಪಕ್ಕದ ಮೆಷಿನ್ನು. ಅಲ್ಲಿ ಬಿಸಾಕಿದ್ದ, ಮೆಷಿನ್ನಿನ ಮಸಿ ರಿಬ್ಬನ್ನಿನ ತುಂಡೊಂದನ್ನು ಅವಳು ತಂದು ಊರಿನ ದರ್ಗಾದ ಜಾಲರಿಗೆ ಕಟ್ಟಿದಳು. ಏನು ಕೇಳಿಕೊಂಡೆ ಎಂದು ಅವನು ಕೇಳಲಿಲ್ಲ. ಅವನ ಕಿವಿ ಕೆಂಪಾಯಿತು. ಅವಳಿಗೆ ಅಷ್ಟು ಸಾಕಿತ್ತು.

ಆ ದರ್ಗಾಕ್ಕೆ ಗೌಡರ ಮನೆಯವರೂ ಬರುತ್ತಾರೆ. ಕೇಳಿಕೊಂಡು ಗಂಟು ಕಟ್ಟುವುದು. ಕೇಳಿದ್ದು ನಡೆದರೆ ಸಕ್ಕರೆಯ ಮುಂದೆ ಪ್ರಾರ್ಥನೆ ಓದಿಸಿ ಒಂದು ಗಂಟು ಬಿಚ್ಚುವುದು. ಅಷ್ಟೊಂದರಲ್ಲಿ ತನ್ನದು ಯಾವುದೆಂದು ಯಾರಿಗೆ ಗೊತ್ತು? ಕೈಗೆ ಸಿಕ್ಕಿದ್ದನ್ನು ಬಿಚ್ಚಿದರಾಯಿತು. ಓದುವವರು ಜಬೀಯ ಅಬ್ಬ. ಅವರಿಗೆ ಕಾಯಿಲೆಯಾದ ಮೇಲೆ ಜಬೀ.

ಶ್ವೇತಳ ಅವ್ವ ಸಿದ್ದಲಿಂಗಮ್ಮನೂ ಮಗಳ ಮದುವೆಗೆಂದು ಒಂದು ಗಂಟು ಕಟ್ಟಿದ್ದಳು. ಪಾಂಡವಪುರದ ಗಂಡು ಗೊತ್ತಾಯಿತು.

ಬಸ್ಸಿನಲ್ಲಿ ಶ್ವೇತ ಹೇಳಿದಾಗ ಜಬೀ ಕಂಬಿ ಹಿಡಿದು ನಿಂತಿದ್ದ.

"ನಾಳೆ ಅವ್ವ ಬತ್ತಾಳೆ. ಮಂಡಿನೋವು, ಗಂಟು ಬಿಚ್ಚಕ್ಕೆ ನಿಂಗೇ ಹೇಳ್ತಾಳೆ. ನಂದು ಬುಟ್ಟು ಬೇರೆ ಬಿಚ್ಚು, ನಿಂಗೆ ಒಪ್ಗೆ ಅಂತ ತಿಳ್ಕತೀನಿ. ಅಷ್ಟೇ. ಅಲ್ಲೇ ಅವ್ವಂಗೆ ಎಲ್ಲ ಹೇಳ್ಬುಡ್ತೀನಿ."

"ನಮ್ಮಬ್ಬ ಈ ಊರಲ್ಲೇ ಬದುಕ್ಬೇಕು ಶ್ವೇತ."

"ನಾನು ಎಲ್ಲಿ ಬದುಕ್ಲಿ?"

ಕಂಡಕ್ಟರ್ ಬಂದ. ಜಬೀ ಇಬ್ಬರಿಗೂ ಟಿಕೆಟ್ ತೆಗೆದ. ಅದನ್ನೇ ಉತ್ತರ ಅಂದುಕೊಂಡು ಅವಳು ಇಡೀ ರಾತ್ರಿ ಖುಷಿಯಾಗಿದ್ದಳು.

ಮರುದಿನ ಅವನು ಸಕ್ಕರೆ ಓದಿ ಮುಗಿಸಿದ.

"ಕಟ್ಟೆ ಹತ್ತಕ್ಕಾಗಕಿಲ್ಲ ಕಣಪ್ಪ, ಯಾವ್ದಾರ ಒಂದ್ ಬಿಚ್ಬುಡು," ಎಂದಳು ಸಿದ್ದಲಿಂಗಮ್ಮ. "ಮದ್ವೇಲಿ ನೀನೇ ಮುಂದೆ ನಿಂತು ಬಡಿಸ್ಬೇಕು, ಮತ್ತೆ!"

ಶ್ವೇತ ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಕೆಂಪು ದಾರದ ಮೇಲೆ ತಡೆದವು. ಹಳದಿಯನ್ನು ದಾಟಿದವು. ಅವಳ ನಾಲಿಗೆಯ ತುದಿಗೆ "ಅವ್ವ" ಬಂದು ನಿಂತಿತ್ತು.

ಬೆರಳುಗಳು ರಿಬ್ಬನ್ನಿಗೆ ಹೋದವು. ಗಂಟು ಬಿಗಿಯಾಗಿತ್ತು. ಅವನು ಆತುರಪಡದೆ ಬಿಚ್ಚಿದ.

ಸಕ್ಕರೆ ಪೊಟ್ಟಣ ಶ್ವೇತಳ ಕೈಗಿಟ್ಟು, "ಚೆನ್ನಾಗಿರಿ," ಎಂದ, ಗುರುತಿಲ್ಲದವರಿಗೆ ಹೇಳುವ ಹಾಗೆ.

"ಒಂಚೂರು ಬಾಯಿಗಾಕ್ಕಳವ್ವ," ಎಂದಳು ಅವ್ವ ದಾರಿಯಲ್ಲಿ.

ಪೊಟ್ಟಣದ ಬಿಳಿ ಹಾಳೆಯ ಮೇಲೆ ರಿಬ್ಬನ್ನಿನ ಮಸಿ ಮೂಡಿತ್ತು. ಅವನ ಹೆಬ್ಬೆರಳು, ಗೆರೆಗೆರೆಯಾಗಿ, ಪತ್ರಕ್ಕೆ ಹೆಬ್ಬೆಟ್ಟು ಒತ್ತಿಕೊಟ್ಟ ಹಾಗೆ.

ಶ್ವೇತ ಸಕ್ಕರೆ ಬಾಯಿಗೆ ಹಾಕಿಕೊಂಡಳು. ಸಿಹಿಯಾಗಿಯೇ ಇತ್ತು. ಅದನ್ನು ಅವಳು ಎಂದೂ ಕ್ಷಮಿಸಲಿಲ್ಲ.